ಓಬಜ್ಜಿಗೆ, ಹನ್ನೊಂದನೇ ಕಲಮಿನ ವಿಚಾರವಾಗಿ

ಬೆಳಕಿನ ಸರದಿಯ ಎಪ್ಪತ್ತೆರಡನೇ ವರ್ಷ,
ಎರಡನೇ ಬೇಸಿಗೆಯ ಹದಿನಾಲ್ಕನೇ ದಿನ,
ಜಾಲಿಕುಂಟೆ, ಕಡೇಮನೆ ಸಾಲು.

ನನ್ನ ತಾಯಿಯ ಅಜ್ಜಿಯಾದ ಓಬಕ್ಕನವರ ಪಾದಗಳಿಗೆ ಮರಿಮಗ ಪಾತಲಿಂಗ ಅಡ್ಡಬಿದ್ದು ಬರೆಯುವ ಕಾಗದ.

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವನು ಬರೆದದ್ದೆಂದು ಇದನ್ನು ಮುದುರಿ ಎಸೆಯಬೇಡಿ. ನೀವೀಗ ಬೆಳಗಾವಿಯಲ್ಲಿ ಸೌಧದ ಎದುರಿನ ಬಯಲಲ್ಲಿ ಶಾಮಿಯಾನದ ಕೆಳಗೆ ಒಂಬತ್ತನೇ ದಿನದ ಧರಣಿ ಕೂತಿದ್ದೀರಲ್ಲ, ಆ ಚಳಿಗಾಲದಿಂದ ನೂರಹನ್ನೊಂದು ವರ್ಷ ಆಚೆಗೆ ಕೂತು ನಾನು ಬರೆಯುತ್ತಿದ್ದೇನೆ. ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ, ನಮಗೆ ಎರಡು. ಯುಗಾದಿಯ ಆಸುಪಾಸಿನದು ಮೊದಲನೆಯದು, ದಸರಾ ಕಳೆದ ಮೇಲೆ ಬರುವುದು ಎರಡನೆಯದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಮ್ಮೂರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವನು. ಓದಿದ್ದು ಏಳೇ ಆದರೂ ಆ ಏಳನ್ನೂ ಒಂದಕ್ಷರ ಬಿಡದೆ ಓದಿದವನು ಊರಿಗೆಲ್ಲ ನಾನೊಬ್ಬನೇ. ಉಳಿದವರು ಹದಿನೈದು ಓದಿಯೂ ನನ್ನ ಹತ್ತಿರವೇ ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ನಿಮಗೀಗ ಮೂವತ್ತನಾಲ್ಕು, ನನಗೆ ಅರವತ್ತೊಂದು. ಹುಟ್ಟಿನ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿ, ತಲೆಗೂದಲಿನ ಲೆಕ್ಕದಲ್ಲಿ ನಾನು ನಿಮ್ಮ ಚಿಕ್ಕಪ್ಪ. ಊರಲ್ಲಂತೂ ಎಲ್ಲರಿಗೂ ನಾನು ಮಾವ, ನನಗಿಂತ ಹತ್ತು ವರ್ಷ ದೊಡ್ಡವರಿಗೂ ಮಾವನೇ.

ಒಂದು ಕಟ್ಟುನಿಟ್ಟಿನ ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪಕ್ಕದಲ್ಲಿ ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯುತ್ತಿದ್ದಾರಲ್ಲ ಶಿರಾದ ವಕೀಲೆ ನಸೀಮಾ, ಅವರ ಕೈಗೆ ಈ ಕಾಗದ ಕೊಡಬೇಡಿ. ನೀವು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತೀರಿ, ಕಾಗದಪತ್ರ ಬಂದರೆ ಅವರಿಂದಲೇ ಓದಿಸುತ್ತೀರಿ ಎಂಬುದು ನನಗೆ ಗೊತ್ತು. ಅದಕ್ಕೇ ಒಂದೊಂದು ಅಕ್ಷರವನ್ನೂ ಹುಣಸೆಬೀಜದಷ್ಟು ದಪ್ಪ ಮಾಡಿ ಬರೆದಿದ್ದೇನೆ. ಎಷ್ಟು ಹೊತ್ತಾದರೂ ಆಗಲಿ, ನೀವೇ ಓದಿ. ಯಾಕೆಂಬುದು ಮುಂದೆ ತಿಳಿಯುತ್ತದೆ.

ಕಾಗದ ನಿಮ್ಮ ಕೈಗೆ ಹೇಗೆ ಬಂತು ಎಂದು ಕೇಳುತ್ತೀರಿ. ಹಿಂದಂಚೆಯಲ್ಲಿ ಬಂತು. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಮುಟ್ಟಿಸುವ ಕಚೇರಿ. ನಮ್ಮ ತಾಲ್ಲೂಕಿನಲ್ಲಿ ಅದು ಹಳೇ ಬಸ್ ನಿಲ್ದಾಣದ ಮೇಲಿನ ಮಹಡಿಯಲ್ಲಿದೆ, ನನ್ನ ತಂಗಿಯ ಮಗಳು ಅಲ್ಲಿ ಗುಮಾಸ್ತೆ. ಅದು ಹೇಗೆ ನಡೆಯುತ್ತದೆ ಎಂದು ಅವಳು ನನಗೆ ಮೂರು ಸಲ ವಿವರಿಸಿದ್ದಾಳೆ, ಮೂರು ಸಲವೂ ನಾನು ಅರ್ಥವಾದವನಂತೆ ತಲೆಯಾಡಿಸಿದ್ದೇನೆ. ತಿಳಿದಿರುವುದು ಇಷ್ಟು: ಒಬ್ಬ ಮನುಷ್ಯನಿಗೆ ಆಯುಸ್ಸಿನಲ್ಲಿ ಒಂದೇ ಕಾಗದ. ಉತ್ತರ ಬರುವುದಿಲ್ಲ. ಕಾಗದದಿಂದ ಹಿಂದಿನದೇನಾದರೂ ಬದಲಾದರೆ ಬರೆದವನೂ ಅದರ ಜೊತೆಗೇ ಬದಲಾಗಿಹೋಗುತ್ತಾನೆ, ಆದ್ದರಿಂದ ಬದಲಾಯಿತೋ ಇಲ್ಲವೋ ಎಂದು ಅವನಿಗೆ ಎಂದೂ ತಿಳಿಯುವುದಿಲ್ಲ. ಜನ ಈ ಒಂದು ಕಾಗದವನ್ನು ಎಂತೆಂಥದಕ್ಕೋ ಹಾಳುಮಾಡುತ್ತಾರೆ. ನಮ್ಮ ಪಕ್ಕದ ಮನೆಯವನು ತನ್ನ ತಾತನಿಗೆ 'ಆ ಕುಂಟೆತ್ತನ್ನು ಕೊಳ್ಳಬೇಡ' ಎಂದು ಬರೆದು ಮುಗಿಸಿಬಿಟ್ಟ. ನಾನು ಅರವತ್ತೊಂದು ವರ್ಷ ಕಾಯ್ದಿಟ್ಟೆ. ಇಡೀ ಹೋಬಳಿಯಲ್ಲಿ ಇಷ್ಟು ವರ್ಷ ತಡೆದುಕೊಂಡವರು ಬೇರೆ ಯಾರೂ ಇಲ್ಲ.

ನಮ್ಮ ಬದುಕನ್ನು ಸ್ವಲ್ಪ ಹೇಳುತ್ತೇನೆ, ಕೇಳಿ. ನಮ್ಮಲ್ಲಿ ಬೆಳಗ್ಗೆ ಹತ್ತರ ಮೇಲೆ ಯಾರೂ ಹೊಲದಲ್ಲಿ ನಿಲ್ಲುವುದಿಲ್ಲ. ನಸುಕಿಗೇ ಹೋಗಿ ಕೆಲಸ ಮುಗಿಸಿ, ಬಿಸಿಲು ನೆತ್ತಿಗೆ ಬರುವ ಮುಂಚೆ ತಂಪುಚಾವಡಿ ಸೇರುತ್ತೇವೆ. ತಂಪುಚಾವಡಿ ಎಂದರೆ ಕೇರಿಗೊಂದರಂತೆ ನೆಲ ಅಗೆದು ಕಟ್ಟಿರುವ ದೊಡ್ಡ ಹಜಾರ. ಅರ್ಧ ಭೂಮಿಯೊಳಗೆ, ಅರ್ಧ ಮೇಲೆ, ಒಳಗೆ ನಾಲ್ಕೂ ಕಡೆಯಿಂದ ತಂಪುಗಾಳಿ. ಮಕ್ಕಳು ಅಲ್ಲೇ ಓದುತ್ತಾರೆ, ಬಾಣಂತಿಯರು ಅಲ್ಲೇ ಮಲಗುತ್ತಾರೆ, ಚೌಕಾಬಾರದಲ್ಲಿ ಮೋಸ ಮಾಡುವವರು ಅಲ್ಲೇ ಮೋಸ ಮಾಡುತ್ತಾರೆ. ಅಡುಗೆ, ಬೀಸುವುದು, ರುಬ್ಬುವುದು, ನೀರೆತ್ತುವುದು ಎಲ್ಲವೂ ನಡುಹಗಲಿನಲ್ಲಿ, ಬಿಸಿಲು ಧಾರಾಳವಾಗಿರುವಾಗ. ಮುದ್ದೆ ತೊಳಸುವ ಹೊತ್ತು ಇಡೀ ಊರಿಗೆ ಒಂದೇ, ಆದ್ದರಿಂದ ಹನ್ನೆರಡೂವರೆಗೆ ಊರಿಗೆ ಊರೇ ರಾಗಿಯ ಘಮಘಮ. ಉಳಿದ ವಿದ್ಯುತ್ತನ್ನು ಕಣಜಕ್ಕೆ ತುಂಬುತ್ತೇವೆ. ಕಣಜ ಎಂದರೆ ನಿಮ್ಮ ಕಾಲದ ಬ್ಯಾಟರಿಗಳನ್ನು ಸಾಲಾಗಿ ಕೂರಿಸಿದ ಕೋಣೆ. ಕಣಜವೂ ತುಂಬಿ ಹೆಚ್ಚಾದರೆ 'ಕೋಡಿ ಬಿತ್ತು' ಎನ್ನುತ್ತೇವೆ. ಕೋಡಿ ಬಿದ್ದದ್ದು ಪಟ್ಟಣಗಳಿಗೆ ಹೋಗುತ್ತದೆ. ಕಲ್ಲಿದ್ದಲು ಎಂಬುದನ್ನು ನಾನು ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ನೋಡಿದ್ದೇನೆ. ಮಕ್ಕಳು ಅದನ್ನು ಮುಟ್ಟಿ ಕೆನ್ನೆಗೆ ಬಳಿದುಕೊಂಡು ಮೀಸೆ ಬರೆದುಕೊಳ್ಳುತ್ತಾರೆ.

ಈ ಹಂಚಿಕೆಯನ್ನೆಲ್ಲ ನೋಡಿಕೊಳ್ಳುವವನೇ ಬೆಳಕುಗಂಟಿ. ಸಂಕೋಚದಿಂದ ಹೇಳುತ್ತಿದ್ದೇನೆ, ಜಾಲಿಕುಂಟೆಯ ಈಗಿನ ಬೆಳಕುಗಂಟಿ ನಾನೇ, ಇಪ್ಪತ್ತಾರು ವರ್ಷದಿಂದ. ಸುತ್ತ ನಲವತ್ತು ಹಳ್ಳಿಯಲ್ಲಿ ನನ್ನಂಥವನು ಹುಟ್ಟಿಲ್ಲ ಎಂದು ನಾನು ಹೇಳುವುದಿಲ್ಲ, ಬೇರೆಯವರು ಹೇಳಲಿ ಎಂದು ಕಾಯುತ್ತಿದ್ದೇನೆ. ಕೈಯಲ್ಲಿ ಕೋಲು, ಹೆಗಲಲ್ಲಿ ಟವಲು. ಬೆಳಗಾದರೆ ಸೋಲಾರ್ ಪ್ಲೇಟಿನ ಹೊಲದ ಬಾಗಿಲಲ್ಲಿರುವ, ವಿದ್ಯುತ್ತು ಬಿಡುವ ಗುಂಡಿಗಳ ತೂಬುಪೆಟ್ಟಿಗೆಯ ಮುಂದೆ ನಿಂತು, ಆಕಾಶ ನೋಡಿ, ಕಣಜ ನೋಡಿ, ಯಾವ ಸಾಲಿಗೆ ಎಷ್ಟು ಹೊತ್ತು ಎಂದು ತೀರ್ಮಾನಿಸುತ್ತೇನೆ. ಮೋಡ ಮುಚ್ಚಿ ಕೊರತೆ ಬಿದ್ದ ದಿನ ನಿಯಮ ಒಂದೇ: ಸಾಲಿನ ಕಟ್ಟಕಡೆಯ ಮನೆಗೆ ಮೊದಲು. ಬೆಳಕುಗಂಟಿಯ ಸ್ವಂತ ಮನೆಗೆ ಎಲ್ಲರಿಗಿಂತ ಕೊನೆಗೆ. ಅದಕ್ಕೇ ನನ್ನ ಮನೆಯವಳು ಬಂದವರ ಮುಂದೆಲ್ಲ ಹೇಳುತ್ತಾಳೆ: "ಊರಿಗೆಲ್ಲ ಬೆಳಕು ಹಂಚೋ ಗಂಡ, ನನ್ನ ಮಿಕ್ಸಿ ಮಾತ್ರ ತಿರುಗಲ್ಲ ಕಣ್ರವ್ವಾ."

ಒಂದು ಸಲ ಹೀಗಾಯಿತು. ಊರ ಅಧ್ಯಕ್ಷ ಚಿಕ್ಕೀರಪ್ಪನ ಮಗಳ ಮದುವೆ. ಮೂರು ದಿನದಿಂದ ಹಗಲೇ ಕತ್ತಲೆಯಾಗುವಂಥ ಮೋಡ, ಕಣಜದಲ್ಲಿ ಕೈಯಾಡಿಸಿದರೂ ಏನೂ ಸಿಗುವುದಿಲ್ಲ. ಕಡೇಮನೆ ಸಾಲಿನಲ್ಲಿ ಒಬ್ಬ ಮುದುಕನಿಗೆ ಉಸಿರಿನ ಯಂತ್ರ ಹಾಕಿದ್ದರು. ನಾನು ಚಪ್ಪರದ ಸಾಲನ್ನು ಕಡಿದು ಮುದುಕನ ಸಾಲಿಗೆ ಬಿಟ್ಟೆ. ಚಪ್ಪರದ ದೀಪ, ಫ್ಯಾನು, ವಾಲಗದ ಮೈಕು, ಎಲ್ಲವೂ ಒಂದೇ ಉಸಿರಿಗೆ ನಿಂತವು. ಚಿಕ್ಕೀರಪ್ಪ ಪೇಟ ಓರೆಯಾಗಿಸಿಕೊಂಡು ಓಡಿಬಂದ.

"ಮಾವ, ಮೂರ್ತದ ಹೊತ್ತಿಗೆ ದೀಪ ಆರಿಸ್ತೀಯಲ್ಲೋ! ಗಂಡಿನ ಕಡೆಯೋರು ಏನಂದ್ಕೊಂಡಾರು?"

"ಗಂಡು ನೋಡಾಕೆ ಚೆಂದಾಗವ್ನಾ?"

"ಚೆಂದಾಗವ್ನೆ."

"ಹಂಗಾರೆ ಕಿಟಕಿ ತೆಗೀರಿ, ಅಷ್ಟು ಬೆಳಕಿಗೇ ಕಾಣ್ತಾನೆ. ಚೆಂದಿಲ್ದಿದ್ರೆ ಹೇಳು, ಕತ್ತಲೆ ಇನ್ನೂ ಒಳ್ಳೇದು."

ಆವತ್ತು ಅವನು ನನ್ನನ್ನು ಊಟಕ್ಕೆ ಕರೆಯಲಿಲ್ಲ. ಮುದುಕ ಬದುಕಿದ, ಎದ್ದು ಕೂತು ಎರಡು ಒಬ್ಬಟ್ಟು ತಿಂದು ಒಂದನ್ನು ನನಗೆ ಕಳಿಸಿದ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ಚಾವಡಿಯ ಮಕ್ಕಳು 'ಗಂಡು ಚೆಂದಾಗವ್ನಾ' ಎಂದು ಒಟ್ಟಿಗೆ ಕೂಗುತ್ತವೆ. ಕೂಗಲಿ. ಬೆಳಕುಗಂಟಿಯಾಗಿರುವುದೇ ನನ್ನ ಬದುಕಿನ ಒಂದೇ ಒಂದು ಸಂಪಾದನೆ. ಅದೊಂದನ್ನು ತೆಗೆದರೆ ನಾನು ಬರೀ ಬಾಯಿ.

ತೂಬು, ಕಣಜ, ಕೋಡಿ, ಕಡೆಯವರಿಗೆ ಮೊದಲು ಎಂಬ ಮಾತುಗಳೆಲ್ಲ ಎಲ್ಲಿಂದ ಬಂದವು ಎಂದು ನಿಮಗೆ ಹೇಳಬೇಕೇ? ನಿಮ್ಮ ಮನೆಯಿಂದಲೇ ಬಂದವು. ನಿಮ್ಮಪ್ಪ ಮಾರಪ್ಪ ಜಾಲಿಕುಂಟೆ ಕೆರೆಯ ನೀರಗಂಟಿ. ಕೆರೆಯ ತೂಬು ಎತ್ತಿ, ಹೊಲದಿಂದ ಹೊಲಕ್ಕೆ ನೀರು ಹಂಚುವವರು. ವರ್ಷಕ್ಕೊಮ್ಮೆ ತೂಬು ಎತ್ತುವ ಮೊದಲು ಊರಿನ ಹಿರಿಯರು ಏರಿಯ ಮೇಲೆ ಅವರಿಗೆ ವೀಳ್ಯ ಕೊಡುತ್ತಿದ್ದರು: ತಟ್ಟೆಯಲ್ಲಿ ಐದು ಎಲೆ, ಎರಡು ಅಡಿಕೆ. ನೀರಗಂಟಿ ಅದನ್ನು ಕೈಯಲ್ಲಿ ಹಿಡಿದನೆಂದರೆ ಮುಗಿಯಿತು. ಆ ವರ್ಷದ ಮಟ್ಟಿಗೆ ಊರಿಗೆ ಮಾತು ಕೊಟ್ಟಂತೆ, ಬದಲಾಯಿಸುವ ಹಾಗಿಲ್ಲ. ನೀರು ಕಡಿಮೆಯಾದ ವರ್ಷ ಮಾರಪ್ಪ ಕಾಲುವೆಯ ಕೊನೆಗಿರುವ ಬಾಲದ ಹೊಲದಿಂದ ಶುರುಮಾಡುತ್ತಿದ್ದರಂತೆ, ಏಕೆಂದರೆ ತಲೆಯ ಹೊಲದಿಂದ ಬಿಟ್ಟ ನೀರು ಬಾಲ ಮುಟ್ಟಿದ ದಿನವೇ ಇಲ್ಲ. ನಮಗೆ ಉಳಿದಿರುವುದು ಇದು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಅದನ್ನೇ ನೀವು ನಸೀಮಾಗೆ ಹೇಳಿದಿರಿ, ಅವರು ಅದನ್ನು, ಪಾಸಾಗಲೆಂದು ನೀವೆಲ್ಲ ಧರಣಿ ಕೂತಿರುವ ಮಸೂದೆಯ ಹನ್ನೊಂದನೇ ಕಲಮು ಮಾಡಿ ಬರೆದರು. ಆ ಮಾತುಗಳು ನನಗೆ ಬಾಯಿಪಾಠ: 'ಯಾವ ಊರ ನೆಲದ ಮೇಲೆ ಬಿದ್ದ ಬಿಸಿಲು ವಿದ್ಯುತ್ತಾಗುವುದೋ, ಕೊರತೆಯ ಕಾಲದಲ್ಲಿ ಆ ವಿದ್ಯುತ್ತು ಮೊದಲು ಆ ಊರಿನ ಕಟ್ಟಕಡೆಯ ಮನೆಗೆ ಸಲ್ಲತಕ್ಕದ್ದು.' ಉಳಿದ ಇಪ್ಪತ್ಮೂರು ಕಲಮುಗಳು ಕಲ್ಲಿದ್ದಲಿನ ಸ್ಥಾವರಗಳನ್ನು ಯಾವ ವರ್ಷದೊಳಗೆ ಮುಚ್ಚಬೇಕು, ಬಿಸಿಲು ಗಾಳಿಗಳಿಂದ ಎಷ್ಟು ಪಾಲು ವಿದ್ಯುತ್ತು ಬರಬೇಕು ಎನ್ನುವವು. ಅವೂ ಬೇಕಾದವೇ.

ನಸೀಮಾ ಈಗ ಬರೆಯುತ್ತಿರುವ ಪುಸ್ತಕ ನಮ್ಮ ಶಾಲೆಯಲ್ಲಿದೆ. ನೀಲಿ ರಟ್ಟು, ಮೂಲೆ ಇಲಿ ಕಡಿದಿದೆ. ಆದ್ದರಿಂದ ನಿಮ್ಮ ಒಂಬತ್ತು ದಿನಗಳೂ ನನಗೆ ಗೊತ್ತು. ಎಡಗಡೆ ಟೆಂಟಿನಲ್ಲಿ ಅತಿಥಿ ಉಪನ್ಯಾಸಕರು, ಬಲಗಡೆ ಟೆಂಟಿನಲ್ಲಿ ಕಬ್ಬು ಬೆಳೆಗಾರರು, ಇಬ್ಬರ ಮೈಕಿನ ನಡುವೆ ನಿಮ್ಮ ಘೋಷಣೆ ನಿಮಗೇ ಕೇಳಿಸುವುದಿಲ್ಲ. ಚಳಿಗೆ ನಿಮ್ಮ ಕಡೆಯವರೆಲ್ಲ ಮಂಕಿಟೋಪಿ ಹಾಕಿ ಕೂತಿರುವುದನ್ನು ನೋಡಿ ಪೊಲೀಸಿನವನೊಬ್ಬ "ಇದೇನು ಕಳ್ಳರ ಸಮ್ಮೇಳನಾನಾ?" ಎಂದು ನಗಾಡಿದ. ಸ್ಥಾವರದ ಚಿಮಣಿ ಕೆಳಗಿನ ಬೂದಿಯೂರಿನಿಂದ ಬಂದ ಅಯ್ಯಮ್ಮ, ತನ್ನ ಮನೆಯ ಅಂಗಳದಲ್ಲಿ ಎರಡು ದಿನ ಒಣಹಾಕಿದ ಬಿಳಿ ಪಂಚೆಯನ್ನೇ ಬ್ಯಾನರು ಮಾಡಿ ಕಟ್ಟಿದ್ದಾಳೆ. ಅದರ ಮೇಲೆ ಏನೂ ಬರೆದಿಲ್ಲ, ಬೂದಿ ಬಣ್ಣವೇ ಸಾಕು. ಓದುತ್ತಾ ಓದುತ್ತಾ ನನಗೆ ನಿಮ್ಮೆಲ್ಲರ ಮೇಲೆ ಎಷ್ಟು ಅಕ್ಕರೆ ಹುಟ್ಟಿತೆಂದರೆ, ಒಂದು ಚಾದರವನ್ನಾದರೂ ಹಿಂದಂಚೆಯಲ್ಲಿ ಕಳಿಸಬಹುದೇ ಎಂದು ಕೇಳಿದೆ. ಕಾಗದ ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ ಎಂದಳು ನನ್ನ ತಂಗಿಯ ಮಗಳು.

ಈಗ ನಾಳೆಯ ಮಾತು. ನಾಳೆ ಅಧಿವೇಶನದ ಕಡೇ ದಿನ. ಹನ್ನೊಂದು ಗಂಟೆಗೆ ನಿಮ್ಮ ಕ್ಷೇತ್ರದ ಶಾಸಕ ಚಂದ್ರಮೌಳಪ್ಪ ಟೆಂಟಿಗೆ ಬರುತ್ತಾರೆ. ಒಬ್ಬರೇ ಬರುತ್ತಾರೆ, ಕೈಯಲ್ಲಿ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಐದು ಎಲೆ, ಎರಡು ಅಡಿಕೆ. ಅವರೂ ಹಳ್ಳಿಯಲ್ಲಿ ಬೆಳೆದವರೇ. ನಿಮ್ಮೆದುರು ಚಾಪೆಯ ಮೇಲೆ ಕೂತು ಹೇಳುತ್ತಾರೆ:

"ಓಬಕ್ಕಾ, ಹನ್ನೊಂದನೇದು ಒಂದು ಬಿಟ್ಬಿಡಿ. ಅದಿದ್ರೆ ಒಳಗೆ ಒಪ್ಪಲ್ಲ ಅಂತಾವ್ರೆ. ಉಳಿದ ಇಪ್ಪತ್ಮೂರನ್ನ ಸಂಜೆಯೊಳಗೆ ಪಾಸ್ ಮಾಡಿಸ್ತೀನಿ. ಈ ಸಲ ತಪ್ಪಿದ್ರೆ ಇನ್ಯಾವಾಗೋ ಏನೋ."

ಪಕ್ಕದಲ್ಲಿ ಅಯ್ಯಮ್ಮ ನಿಮ್ಮ ಮೊಣಕೈ ಹಿಡಿದು ಹೇಳುತ್ತಾಳೆ: "ಯಕ್ಕಾ, ಕಾಯ್ದೆ ಬಂದ್ರ ಸಾಕು ನೋಡು. ನನ್ನ ಮೊಮ್ಮಗಳ ಕೆಮ್ಮರ ನಿಂತೀತು."

ಶಾಸಕರು ತಟ್ಟೆ ಚಾಚುತ್ತಾರೆ. ಮುಂದಿನ ಸಾಲನ್ನು ನಸೀಮಾ ಬರೆದ ಹಾಗೇ ಬರೆಯುತ್ತೇನೆ: 'ನಾನು ಬೇಡ ಅನ್ನುವಷ್ಟರಲ್ಲಿ ಅಕ್ಕನ ಕೈ ಮುಂದೆ ಹೋಗಿತ್ತು.'

ಅಜ್ಜಿ, ಇದರಲ್ಲಿ ನಿಮ್ಮದೇನೂ ಕೆಟ್ಟ ಬುದ್ಧಿಯಿಲ್ಲ. ಮನೆಗೆ ಬಂದವರು ಎಲೆ ಅಡಿಕೆ ಚಾಚಿದರೆ ತೆಗೆದುಕೊಳ್ಳುವುದು ಮರ್ಯಾದೆ, ಅಷ್ಟೆಂದು ನಿಮ್ಮ ಕೈ ತಿಳಿಯಿತು. ಎಲೆ ಅಂಗೈಗೆ ಬಿದ್ದ ಮೇಲೆ ಇದು ಏರಿಯ ಮೇಲಿನ ವೀಳ್ಯ ಎಂದು ನಿಮಗೆ ಹೊಳೆಯಿತು. ಆಗ ನಸೀಮಾ ಹೇಳಿದರು, "ಎಲೆ ತಾನೇ ಅಕ್ಕ, ವಾಪಸ್ ಕೊಡೋಣ. ಕಾನೂನಿನಲ್ಲಿ ಇದಕ್ಕೆ ಏನೂ ಬೆಲೆ ಇಲ್ಲ." ನೀವು ಹೇಳಿದಿರಿ, "ನಿನ್ನ ಕಾನೂನಲ್ಲಿ ಇಲ್ದಿರಬೋದು ಕಣವ್ವ. ನಮ್ಮಪ್ಪ ಹಿಡಿದ ವೀಳ್ಯ ಒಂದು ಸಲಾನೂ ಕೆಳಕ್ಕಿಟ್ಟೋನಲ್ಲ. ನಾನು ಹೆಂಗೆ ಇಡ್ಲಿ?" ಬೇರೆ ಯಾರೇ ಆಗಿದ್ದರೂ ಎಲೆ ಅಡಿಕೆ ಅಗಿದು ಉಗಿದು ಮರೆಯುತ್ತಿದ್ದರು. ನೀರಗಂಟಿಯ ಮಗಳು ಮಾತ್ರ ಅದಕ್ಕೆ ಕಟ್ಟುಬಿದ್ದಳು.

ಸಂಜೆಗೆ ಮಸೂದೆ ಪಾಸಾಯಿತು. ನೀವು ಗೆದ್ದಿರಿ, ಇದನ್ನು ನಾನು ಮುಚ್ಚಿಡುವುದಿಲ್ಲ. ಆರು ವರ್ಷದಲ್ಲಿ ಬೂದಿಯೂರಿನ ಚಿಮಣಿ ತಣ್ಣಗಾಯಿತು, ಅಯ್ಯಮ್ಮನ ಮೊಮ್ಮಗಳು ಕೆಮ್ಮು ಬಿಟ್ಟು ಹಾಡಲು ಕಲಿತಳು. ನಾವಿಂದು ಕಲ್ಲಿದ್ದಲನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡುತ್ತಿದ್ದೇವೆಂದರೆ ಅದು ಮಂಕಿಟೋಪಿ ಹಾಕಿ ಕೂತ ನಿಮ್ಮಿಂದ. ಆದರೆ ಹನ್ನೊಂದನೆಯದು ಇಲ್ಲದ ಕಾರಣ, ನಮ್ಮೂರ ಸುತ್ತ ಕಣ್ಣು ಹಾಯುವಷ್ಟು ದೂರ ಪ್ಲೇಟು ಹಾಸಿದ್ದರೂ ಅದರ ವಿದ್ಯುತ್ತು ನಮ್ಮ ತಲೆಯ ಮೇಲಿನ ತಂತಿಯಲ್ಲಿ ಹಾದು ಪಟ್ಟಣಕ್ಕೆ ಹೋಗುತ್ತಿತ್ತು. ಕೊರತೆ ಬಿದ್ದಾಗಲೆಲ್ಲ ಮೊದಲು ಕಡಿಯುವುದು ಬಾಲದ ಸಾಲನ್ನು. ಮೊದಮೊದಲು ಅದು ಬರೀ ಕಿರಿಕಿರಿ. ಬೇಸಿಗೆಗಳು ಬಲಿಯುತ್ತಾ ಹೋದ ಮೇಲೆ ಕಿರಿಕಿರಿ ಎನ್ನುವಂತಿರಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ನಾಲ್ಕು ದಿನ ಪೆನ್ನು ಕೆಳಗಿಟ್ಟು ಕೂತಿದ್ದೆ. ಬಾಯಿಬಡುಕ ಮಾವ ನಾಲ್ಕು ದಿನ ಸುಮ್ಮನಿದ್ದದ್ದು ನೋಡಿ ಮನೆಯವಳು ವೈದ್ಯರನ್ನು ಕರೆಸುವುದರಲ್ಲಿದ್ದಳು. ನಿಮ್ಮ ಇಂದಿನಿಂದ ಮೂವತ್ತೆಂಟನೇ ವರ್ಷ, ಮೇ ತಿಂಗಳಲ್ಲಿ ಒಂಬತ್ತು ದಿನ ಬಂದ ಕಾವನ್ನು ನಾವು ಈಗಲೂ ಬರೀ 'ಆ ಒಂಬತ್ತು ದಿನ' ಎನ್ನುತ್ತೇವೆ. ಪಟ್ಟಣಗಳಿಗೆ ತಂಪು ಬೇಕಿತ್ತು, ನಮ್ಮ ಸಾಲನ್ನು ಕಡಿದರು. ಪ್ಲೇಟುಗಳು ಹೊಳೆಯುತ್ತಲೇ ಇದ್ದವು, ಮನೆಯೊಳಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಜಾಲಿಕುಂಟೆಯಲ್ಲಿ ಏಳು ಜನ ಹೋದರು. ಆರನೇ ದಿನ ಹೋದವರು ನಸೀಮಾ.

ಹೌದು, ಅವರೇ. ಆ ಕಾಯ್ದೆಯ ನಂತರ ಅವರು ಶಿರಾ ಬಿಟ್ಟು ನಮ್ಮೂರಿಗೇ ಬಂದರು. ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ಹನ್ನೊಂದನೆಯದನ್ನು ತಿದ್ದುಪಡಿಯಾಗಿ ಸೇರಿಸಿರೆಂದು ಮೂವತ್ತೆಂಟು ವರ್ಷ ಅರ್ಜಿ ಬರೆದರು. ನಿಮ್ಮ ಮೇಲೆ ಒಂದು ದಿನವೂ ಒಂದು ಕೊಂಕು ಮಾತು ಆಡಲಿಲ್ಲವಂತೆ. ಅವರ ಹತ್ತಿರ ಒಂದು ಬ್ಯಾಟರಿ ಫ್ಯಾನಿತ್ತು. ಐದನೇ ದಿನ ಅದನ್ನು ಪಕ್ಕದ ಮನೆಯ ಬಾಣಂತಿಗೆ ಕೊಟ್ಟು, "ನನಗೆ ಅದರ ಸದ್ದಿಗೆ ನಿದ್ದೆ ಬರಲ್ಲ ಕಣೇ" ಎಂದರಂತೆ. ಆ ಬಾಣಂತಿ ನನ್ನ ತಾಯಿ. ಆ ಗಾಳಿಯಲ್ಲಿ ಉಳಿದ ಕೂಸು ನನ್ನ ಅಕ್ಕ. ಈ ಕಾಗದವನ್ನು ನಸೀಮಾ ಕೈಗೆ ಕೊಡಬೇಡಿ ಎಂದದ್ದು ಇದಕ್ಕೆ. ತನ್ನ ಸಾವನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ನಾನು ಅವರಿಗೆ ಕೊಡಲಾರೆ.

ಅವರನ್ನು ಮಣ್ಣು ಮಾಡಿ ಬಂದ ಮರುದಿನ ನೀವು ನಿಮ್ಮಪ್ಪನ ನೀರಗಂಟಿ ಕೋಲನ್ನು ಅಟ್ಟದಿಂದ ಇಳಿಸಿದಿರಿ. ಆಗ ನಿಮಗೆ ಎಪ್ಪತ್ತೆರಡು. ಕೆರೆಗೆ ಹೋಗಲಿಲ್ಲ, ಪ್ಲೇಟಿನ ಹೊಲದ ಬಾಗಿಲಿಗೆ ಹೋಗಿ ಕೋಲು ಅಡ್ಡ ಇಟ್ಟು ಕೂತಿರಿ, ಹಿಂದೆ ಊರಿಗೆ ಊರೇ ಕೂತಿತು. "ಕಡೇ ಮನೆಗೆ ಮೊದ್ಲು ಬಿಡ್ರಪ್ಪ. ಆಮೇಲೆ ನಿಮ್ಮ ಪಟ್ಣಕ್ಕೆ ಬಿಡೀವ್ರಂತೆ." ಒಳಗಿದ್ದ ಕೆಲಸಗಾರರು ನಮ್ಮ ಸುತ್ತಲ ಹಳ್ಳಿಯವರೇ. ಒಂದು ವರ್ಷದ ಜಗ್ಗಾಟದ ನಂತರ ತೂಬುಪೆಟ್ಟಿಗೆಯ ಬೀಗ ನಿಮ್ಮ ಕೈಗೆ ಬಂತು. ನೀವೇ ಮೊದಲ ಬೆಳಕುಗಂಟಿ. ಆ ದಿನದಿಂದ ನಮ್ಮ ವರ್ಷದ ಎಣಿಕೆ. ನಾನು ಆ ಸಾಲಿನಲ್ಲಿ ನಾಲ್ಕನೆಯವನು.

ಹಾಗಾದರೆ ನಾಳೆ ನೀವು ವೀಳ್ಯ ಹಿಡಿಯದೆ, ಮಸೂದೆಯೇ ಬಿದ್ದುಹೋಗಿ, ಅಯ್ಯಮ್ಮನ ಮೊಮ್ಮಗಳು ಕೆಮ್ಮುತ್ತಲೇ ಉಳಿದರೆ? ನೀವು ಕೇಳುವುದು ಇದನ್ನೇ. ನಾನೂ ಇದನ್ನೇ ಕೇಳಿಕೊಂಡೆ. ಉತ್ತರ ನಸೀಮಾರ ಆ ನೀಲಿ ಪುಸ್ತಕದ ಕಡೇ ಹಾಳೆಯಲ್ಲಿದೆ, ನಿಮ್ಮ ಮಾತು ಕೇಳಿ ನನ್ನ ತಾಯಿ ಬರೆದಿಟ್ಟದ್ದು. ನಸೀಮಾ ತೀರಿಕೊಂಡ ಸುದ್ದಿ ಕೇಳಿ ಚಂದ್ರಮೌಳಪ್ಪ ಬಂದಿದ್ದರು. ತೊಂಬತ್ತರ ಹತ್ತಿರದ ಮುದುಕ, ಇಬ್ಬರು ಹಿಡಿದುಕೊಂಡು ನಡೆಸಬೇಕು. ನಿಮ್ಮ ಜಗಲಿಯ ಮೇಲೆ ಕೂತು ಹೇಳಿದರು:

"ಅವತ್ತು ನೀವು ತಟ್ಟೆ ಮುಟ್ಟದಿದ್ರೆ ನಾನು ಒಳಗೆ ಹೋಗಿ ಹನ್ನೊಂದರ ಪರ ನಿಲ್ಲಬೇಕು ಅಂತ ಮಾಡ್ಕೊಂಡಿದ್ದೆ ಓಬಕ್ಕ. ಕಮ್ಮಿ ಇದ್ದಿದ್ದು ಮೂರೇ ಮತ. ನಾನು ಎದ್ದು ನಿಂತ್ರೆ ಇನ್ನಿಬ್ರು ಏಳ್ತಾ ಇದ್ರು. ನೀವು ಬೇಡ ಅನ್ಲಿ ಅಂತಲೇ ಕಾಯ್ತಿದ್ದೆ. ನೀವು ಹಿಡಿದ್ರಿ. ನಂಗೂ ಸದ್ಯ, ನಿಲ್ಲೋ ಕೆಲಸ ತಪ್ತಲ್ಲ ಅಂತ ಒಳಗೊಳಗೇ ಹಗುರಾಯ್ತು. ಆ ಹಗುರಾಗಿದ್ದು ಐತಲ್ಲ, ಅದನ್ನ ಹೊರಾಕಾಗ್ತಿಲ್ಲ."

ಆ ಮೂರು ಮತ ನಿಜವಾಗಿ ಬರುತ್ತಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಎಲ್ಲವೂ ಗೊತ್ತು ಎಂದು ಅರವತ್ತೊಂದು ವರ್ಷ ಹೇಳಿಕೊಂಡು ಬಂದವನು ನಾನು, ಇದೊಂದು ಗೊತ್ತಿಲ್ಲ. ಆದರೆ ಆ ಮನುಷ್ಯ ನಾಳೆ ನಿಮ್ಮೆದುರು ಬರುವುದು ನಿಮ್ಮ ಒಪ್ಪಿಗೆಗೆ ಅಲ್ಲ, ನಿಮ್ಮಿಂದ ಧೈರ್ಯ ಸಾಲ ಕೇಳಲು. ಅವರಿಗೆ ಅದನ್ನು ಕೊಟ್ಟು ಕಳಿಸಿ. ಅಯ್ಯಮ್ಮನಿಗೂ ಈ ಒಂದು ಮಾತನ್ನು ಮೊದಲೇ ಹೇಳಿ, ನಿಮ್ಮ ಮೊಣಕೈ ಹಿಡಿದವಳು ಜೊತೆಗೇ ನಿಲ್ಲುತ್ತಾಳೆ.

ಹನ್ನೊಂದನೆಯದು ಕಾಯ್ದೆಯಲ್ಲೇ ಇದ್ದಿದ್ದರೆ ಆ ಒಂಬತ್ತು ದಿನ ನಮ್ಮ ಸಾಲನ್ನು ಕಡಿಯುತ್ತಿರಲಿಲ್ಲ. ನೀವು ಎಪ್ಪತ್ತೆರಡರಲ್ಲಿ ಬಿಸಿಲಿಗೆ ಕೂರಬೇಕಾಗಿರಲಿಲ್ಲ. ಬೆಳಕುಗಂಟಿ ಎಂಬ ಹೆಸರೇ ಹುಟ್ಟುತ್ತಿರಲಿಲ್ಲ. ಯಾರೋ ಒಬ್ಬ ಗುಮಾಸ್ತ ಕಾಯ್ದೆಯ ಪ್ರಕಾರ ಕಡೇಮನೆಗೆ ಗುಂಡಿ ಒತ್ತಿ ಟೀ ಕುಡಿಯಲು ಹೋಗುತ್ತಿದ್ದ. ನನ್ನ ಕೋಲು ಹೋಗುತ್ತದೆ, ಟವಲು ಹೋಗುತ್ತದೆ, ಚಿಕ್ಕೀರಪ್ಪನ ಮಗಳ ಮದುವೆಯ ಕಥೆ ಹೋಗುತ್ತದೆ. ಮಕ್ಕಳು ಏನನ್ನು ಕೂಗುತ್ತವೋ ಏನೋ. ಹೋಗಲಿ ಬಿಡಿ ಅಜ್ಜಿ. ಕೊಚ್ಚಿಕೊಳ್ಳಲು ನನಗೆ ಬೇರೇನಾದರೂ ಸಿಕ್ಕೇ ಸಿಗುತ್ತದೆ, ಅಷ್ಟು ನಂಬಿಕೆ ನನ್ನ ಬಾಯಿಯ ಮೇಲೆ ನನಗಿದೆ.

ಇನ್ನು ಕೆಲಸದ ಮಾತು. ತಟ್ಟೆ ಬಂದಾಗ 'ಬೇಡ' ಎನ್ನಲು ನಿಮ್ಮ ನಾಲಿಗೆ ಏಳುವುದಿಲ್ಲ, ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ, ಅದು ಮಾರಪ್ಪನ ಮನೆಯ ಕೈ. ಆದ್ದರಿಂದ ಹನ್ನೊಂದಕ್ಕೆ ಹತ್ತು ನಿಮಿಷ ಮೊದಲು ರಸ್ತೆಯಾಚೆಯ ಗಾಡಿಯಿಂದ ಎರಡು ಲೋಟ ಬಿಸಿ ಚಹಾ ತರಿಸಿ, ಒಂದೊಂದು ಕೈಗೆ ಒಂದೊಂದು ಹಿಡಿದು ಕೂತುಬಿಡಿ. ತುಂಬಾ ತುಂಬಿರಲಿ, ಅಲುಗಿದರೆ ಚೆಲ್ಲುವಂತೆ. ಶಾಸಕರು ತಟ್ಟೆ ಚಾಚಿದಾಗ ಹೇಳಿ: "ಕೈ ಖಾಲಿ ಇಲ್ಲ ಸ್ವಾಮಿ. ನೀವು ಒಳಗೆ ಹೋಗಿ ಹನ್ನೊಂದರ ಪರ ಎದ್ದು ನಿಂತು ಬನ್ನಿ. ಆಮೇಲೆ ವೀಳ್ಯ ನಾವು ಕೊಡ್ತೀವಿ, ನೀವು ಹಿಡೀರಿ." ಅಷ್ಟೇ ಸಾಕು. ಬಂದವರಿಗೆ ಅವಮಾನವೂ ಆಗಲಿಲ್ಲ, ಮಾತೂ ಹೋಗಲಿಲ್ಲ.

ಅವರು ಎದ್ದು ಸೌಧದ ಕಡೆ ನಡೆದ ಮೇಲೆ ಒಂದು ಲೋಟವನ್ನು ನೀವು ಕುಡಿಯಿರಿ, ಇನ್ನೊಂದನ್ನು ನಸೀಮಾಗೆ ಕೊಡಿ. ಅಷ್ಟು ಹೊತ್ತಿಗೆ ಆರಿಹೋಗಿರುತ್ತದೆ, ಚಿಂತೆಯಿಲ್ಲ. ಅವರಿಗೆ ಚಹಾ ತಣ್ಣಗಿದ್ದರೇ ಇಷ್ಟ ಎಂದು ನನ್ನ ತಾಯಿ ಹೇಳುತ್ತಿದ್ದರು.

ನಿಮ್ಮ ಮರಿಮಗ,
ಪಾತಲಿಂಗ,
ಸದ್ಯಕ್ಕೆ ಬೆಳಕುಗಂಟಿ.